ನೋಡಲು ಸುಸ್ಥಿತಿಯಲ್ಲಿದೆ

ಲಲಿತವಾದ ಬರವಣಿಗೆಯನ್ನು ಹೇಗೆ ಪ್ರಾರಂಭಿಸಬೇಕೆಂಬ ಬಗ್ಗೆ ಈವರೆಗೆ ನನಗೆ ಯಾವ ಸುತ್ತೋಲೆಯೂ ತಲುಪಿಲ್ಲ. ಆದುದರಿಂದ ನನಗೆ ತಿಳಿದ ರೀತಿಯಲ್ಲಿಯೇ ಪ್ರಾರಂಭಿಸಲು ಓದುಗರು ದಯಮಾಡಿ ಅಪ್ಪಣೆ ಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಶಿರಾದ ಒಂದು ಸರ್ಕಾರಿ ಕಚೇರಿಯಲ್ಲಿ ಉಗ್ರಾಣದ ಗುಮಾಸ್ತನಾಗಿರುವ ನಾನು ಇಷ್ಟು ವರ್ಷಗಳಲ್ಲಿ ಬರೆದಿರುವುದೆಲ್ಲ ಸರ್ಕಾರಿ ಕಾಗದಗಳೇ. ಮದುವೆಯಾದ ಹೊಸದರಲ್ಲಿ ತವರಿಗೆ ಹೋಗಿದ್ದ ನನ್ನ ಹೆಂಡತಿಗೆ ಬರೆದ ಮೊದಲ ಪತ್ರದಲ್ಲಿ, "ತಾವು ಈ ತಿಂಗಳ ಕೊನೆಯೊಳಗೆ ಹಿಂತಿರುಗತಕ್ಕದ್ದು, ತಪ್ಪಿದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು" ಎಂದು ಬರೆದು, ಕೆಳಗೆ ಅಭ್ಯಾಸಬಲದಿಂದ "ಅಧಿಕಾರಿಗಳ ಪರವಾಗಿ" ಎಂದು ರುಜು ಮಾಡಿ ಕಳುಹಿಸಿದ್ದೆ. ನನ್ನ ಮಾವನವರು ಗಾಬರಿಯಿಂದ ಬರಗೂರಿನಿಂದ ಬಸ್ಸು ಹತ್ತಿ ಬಂದು, "ಅಳಿಯಂದಿರೇ, ನಮ್ ಹುಡುಗೀನ ಕರಿಯಾಕೆ ಯಾವ ಅಧಿಕಾರಿ ಹೇಳಿದ್ದು?" ಎಂದು ಕೇಳಿದ್ದರು. ಆ ದಿನ ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಅದೇ ರುಜು ಮುಂದೊಂದು ದಿನ ನನ್ನನ್ನು ಯಾವ ಸ್ಥಿತಿಗೆ ತರುವುದೆಂದು ಆಗ ತಿಳಿದಿದ್ದರೆ ಅಷ್ಟು ಗಟ್ಟಿಯಾಗಿ ನಗುತ್ತಿರಲಿಲ್ಲ.

ವಿಷಯವು ನಮ್ಮ ಕಚೇರಿಯ ಕಾರಿಗೆ ಸಂಬಂಧಿಸಿದ್ದು. ಸಾಹೇಬರು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳನ್ನು ಸುತ್ತಬೇಕಾಗಿದ್ದುದರಿಂದ ಮೇಲಿನವರು ತಾವು ಬಳಸಿ ಸಾಕಾದ ಒಂದು ಕಪ್ಪು ಕಾರನ್ನು ನಮಗೆ ದಯಪಾಲಿಸಿದ್ದರು. ಅದನ್ನು ಓಡಿಸುತ್ತಿದ್ದವರು ದಸ್ತಗಿರ್ ಸಾಬರು. ಬಡಕಲು ದೇಹ, ಹೆಗಲ ಮೇಲೆ ಸದಾ ಒಂದು ಚೌಕಳಿ ಟವಲು. ಆ ಟವಲಿನಿಂದ ಅವರು ತಮ್ಮ ಮುಖವನ್ನು ಒರೆಸಿಕೊಂಡುದನ್ನು ನಾನು ಕಂಡಿಲ್ಲ. ಕಾರಿನ ಮುಖವನ್ನು ಒರೆಸುವುದನ್ನು ಮಾತ್ರ ದಿನವೂ ಕಂಡಿದ್ದೇನೆ. ಹನ್ನೊಂದು ವರ್ಷಗಳಿಂದ ಅವರು ಹಂಗಾಮಿ ನೌಕರರು. ನಮ್ಮ ಹಾಜರಿ ಪುಸ್ತಕದಲ್ಲಿ ಕಾಯಂ ಆದವರಿಗೆ ಹೆಸರುಗಳಿದ್ದವು, ಹಂಗಾಮಿಯವರಿಗೆ ಇರಲಿಲ್ಲ. ಜವಾನ ಕೆಂಚಪ್ಪನ ಹೆಸರಿನ ಕೆಳಗೆ "ಚಾಲಕ, ಒಬ್ಬ" ಎಂದಷ್ಟೇ ಇತ್ತು. ಅದರ ಮುಂದೆ ಸಾಬರು ದಿನವೂ ಉರ್ದುವಿನಲ್ಲಿ, ಬಲಗಡೆಯಿಂದ ಎಡಗಡೆಗೆ, ಬಹಳ ಅಂದವಾಗಿ ರುಜು ಮಾಡುತ್ತಿದ್ದರು. ಅವರನ್ನು ಕಾಯಂ ಮಾಡುವ ಕಡತವು ನನ್ನ ಮೇಜಿನ ಮೇಲೆಯೇ ಇತ್ತು.

"ರುದ್ರಪ್ನೋರೆ, ನಮ್ ಫೈಲು ಎಲ್ಲಿಗ್ ಬಂತು?" ಎಂದು ಅವರು ವಾರಕ್ಕೊಮ್ಮೆ ಕೇಳುತ್ತಿದ್ದರು.

"ಪರಿಶೀಲನೆಯಲ್ಲಿದೆ ಸಾಬರೆ."

"ಅಂಗಂದ್ರೆ ಬರ್ತಾ ಐತಾ, ಹೋಗ್ತಾ ಐತಾ?"

ಈ ಪ್ರಶ್ನೆಗೆ ಸಮರ್ಪಕವಾದ ಉತ್ತರವು ಇಲಾಖೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಒಮ್ಮೆ ನಾನು, ಕಾಯಂ ಆದರೆ ನಿಮಗೆ ಅಂಥಾದ್ದೇನು ಸಿಕ್ಕುವುದೆಂದು ಕೇಳಿದೆ. ಅವರು ಹಾಜರಿ ಪುಸ್ತಕದ ಕಡೆ ಬೊಟ್ಟು ಮಾಡಿ, "ಅದ್ರಾಗೆ ಹೆಸ್ರು ಬರ್ತದಲ್ಲ ಸ್ವಾಮಿ. 'ಒಬ್ಬ' ಅಂದ್ರೆ ಯಾರ್ ಬೇಕಾದ್ರೂ ಆಗ್ಬೋದು. ನಾಳೆ ನಾನ್ ಸತ್ತು ಇನ್ನೊಬ್ಬ ಬಂದ್ರೂ ಆ ಬುಕ್ಕಿಗೆ ಗೊತ್ತೇ ಆಗಾಕಿಲ್ಲ" ಎಂದರು. ನಾನು ಇದನ್ನು ತಮಾಷೆಯ ಮಾತೆಂದು ತಿಳಿದು ಕೆಂಚಪ್ಪನಿಗೂ ಹೇಳಿ ನಗಿಸಿದೆ.

ಹೀಗಿರುವಲ್ಲಿ ಒಂದು ಬೇಸಿಗೆಯಲ್ಲಿ ಕಾರು ಪಟ್ಟನಾಯಕನಹಳ್ಳಿಯ ಹತ್ತಿರ ನಿಂತಿತು. ಸಾಬರು ಕಾರಿನ ಹೊಟ್ಟೆಯೊಳಗಿಂದ ಒಂದು ಸಣ್ಣ ಬಿಡಿಭಾಗವನ್ನು ಬಿಚ್ಚಿ ತಂದು ನನ್ನ ಮೇಜಿನ ಮೇಲಿಟ್ಟರು. ಅದಕ್ಕೆ ಪಾಯಿಂಟು ಎಂದು ಹೆಸರು. ಎರಡು ಪುಟ್ಟ ಲೋಹದ ತುದಿಗಳು ಒಂದನ್ನೊಂದು ಮುಟ್ಟಿ ಬಿಡುತ್ತಾ ಇರುವುದೇ ಅದರ ಕೆಲಸ. ಹಾಗೆ ಬಿಟ್ಟಾಗಲೆಲ್ಲ ಇಂಜಿನ್ನಿಗೆ ಬೇಕಾದ ಕಿಡಿ ಹುಟ್ಟುತ್ತದಂತೆ. ತುದಿಗಳು ಸುಟ್ಟು ಕರಕಲಾಗಿದ್ದವು. ಇಲ್ಲಿ ನಮ್ಮ ಉಗ್ರಾಣದ ಪದ್ಧತಿಯನ್ನು ಓದುಗರ ಅವಗಾಹನೆಗೆ ತರುವುದು ಅವಶ್ಯ. ಹಳೆಯದನ್ನು ಒಪ್ಪಿಸಿದ ಹೊರತು ಹೊಸದನ್ನು ಕೊಡತಕ್ಕದ್ದಲ್ಲ. ಒಪ್ಪಿಸಿದ ವಸ್ತು ಕೆಟ್ಟಿರುವುದು ಗುಮಾಸ್ತನ ಕಣ್ಣಿಗೆ ಕಾಣಬೇಕು. ಕಂಡದ್ದನ್ನು ಅವನು ಷರಾ ಎಂಬ ಕಲಮಿನಲ್ಲಿ ಬರೆಯಬೇಕು. ಕೊಳೆತ ಹಗ್ಗ, ಒಡೆದ ಲಾಟೀನು, ಮೂರು ಕಾಲಿನ ಕುರ್ಚಿ ಮುಂತಾದವುಗಳ ವಿಷಯದಲ್ಲಿ ಈ ಪದ್ಧತಿಯು ಬಹಳ ಚೆನ್ನಾಗಿ ನಡೆದುಕೊಂಡು ಬಂದಿತ್ತು. ನಾನು ಪಾಯಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸುಟ್ಟಿದೆ, ಬದಲಾಯಿಸಬಹುದು" ಎಂದು ಷರಾ ಬರೆದೆ. ಹೊಸದು ಹೋಯಿತು. ಕಾರು ಓಡಿತು.

ಮೊದಲು ಒಂದು ಪಾಯಿಂಟು ಒಂದು ವರ್ಷ ಬಾಳುತ್ತಿತ್ತು. ಈ ಹೊಸದು ಹದಿನೈದು ದಿನಗಳಲ್ಲಿ ಸುಟ್ಟುಬಂದಿತು. ಈ ಸಲ ಸಾಬರು ಅದರ ಜೊತೆಗೆ ಇನ್ನೊಂದು ವಸ್ತುವನ್ನೂ ತಂದಿದ್ದರು. ತಗಡಿನ ಇಲಿಮರಿಯಂತೆ ದುಂಡಗಿದ್ದ ಅದಕ್ಕೆ ವಯರಿನದೊಂದು ಬಾಲವಿತ್ತು.

"ಇದ್ಕೆ ಕಂಡೆನ್ಸರ್ ಅಂತಾರೆ ಸ್ವಾಮಿ" ಎಂದು ಸಾಬರು ತಾಳ್ಮೆಯಿಂದ ವಿವರಿಸಿದರು. "ಪಾಯಿಂಟು ಬಾಯ್ ತೆಗ್ದಾಗೆಲ್ಲ ಒಂದು ಬೆಂಕಿ ಏಳ್ತದೆ. ಆ ಬೆಂಕೀನ ಇದು ನುಂಗ್ಕೋಬೇಕು. ಇದು ಒಳಗೆ ಖರಾಬಾಗೈತೆ. ಇದು ನುಂಗ್ದಿದ್ರೆ ಪಾಯಿಂಟ್ ಸುಡ್ತದೆ. ನೀವು ಎಷ್ಟ್ ಪಾಯಿಂಟ್ ಕೊಟ್ರೂ ಅಷ್ಟೂ ಸುಡ್ತದೆ. ಎರಡೂ ಬೇಕು."

ನಾನು ಇಲಿಮರಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದೆ. ಒಂದು ಗೀಚಿಲ್ಲ, ಒಂದು ತೂತಿಲ್ಲ. ಹೊಳೆಯುತ್ತಿತ್ತು. "ಸಾಬರೆ, ಇದು ಕೆಟ್ಟಿರುವುದು ಎಲ್ಲಿ ಕಾಣುತ್ತದೆ?" ಎಂದೆ.

"ಕಾಣಾಕಿಲ್ಲ ಸ್ವಾಮಿ. ಅದೇ ಅದ್ರ ಕೆಟ್ಟಬುದ್ಧಿ."

ಕಾಣದಿರುವುದನ್ನು ಷರಾ ಕಲಮಿನಲ್ಲಿ ಬರೆಯುವುದು ಹೇಗೆ? ನಾನು ಬೇಡಿಕೆಪಟ್ಟಿಯಲ್ಲಿದ್ದ ಎರಡನೆಯ ಸಾಲಿನ ಮೇಲೆ ಕೆಂಪು ಮಸಿಯಿಂದ ಗೆರೆ ಎಳೆದು, "ನೋಡಲು ಸುಸ್ಥಿತಿಯಲ್ಲಿದೆ, ಬದಲಾವಣೆ ಅನಗತ್ಯ" ಎಂದು ದುಂಡಾದ ಅಕ್ಷರಗಳಲ್ಲಿ ಬರೆದೆ. ನನ್ನ ಅಕ್ಷರಗಳು ಅಂದವಾಗಿವೆ ಎಂಬ ಅಭಿಪ್ರಾಯವು ಕಚೇರಿಯಲ್ಲಿ ಮೊದಲಿನಿಂದಲೂ ಇದೆ.

ಇದೇ ರೀತಿ ಮೂರು ಬಾರಿ ನಡೆಯಿತು. ಮೂರು ಬಾರಿಯೂ ಪಾಯಿಂಟು ಕೊಟ್ಟೆ, ಮೂರು ಬಾರಿಯೂ ಇಲಿಮರಿಯನ್ನು ಹಿಂದಿರುಗಿಸಿದೆ. ಮೂರನೆಯ ಸಲ ಸಾಬರು, "ಹೋಗ್ಲಿ, ಬಜಾರಿನಾಗೆ ನಾನೇ ಒಂದ್ ತಂದು ಹಾಕ್ಬುಡ್ಲಾ?" ಎಂದು ಕೇಳಿದರು. ಸರ್ಕಾರಿ ಕಾರಿನೊಳಗೆ ಖಾಸಗಿ ವಸ್ತುವನ್ನು ಇಡುವುದು ಗುರುತರವಾದ ಅಪರಾಧವೆಂದು ನಾನು ನಿಯಮವನ್ನು ಓದಿ ಹೇಳಿದೆ. ಅವರು ಟವಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಕಾರು ನಿಲ್ಲುತ್ತಾ ಹೋದಂತೆ ಕಾರಣವನ್ನು ಹೇಳುವವರು ಹೆಚ್ಚುತ್ತಾ ಹೋದರು. ಪಾವಗಡದ ರಸ್ತೆಯ ಧೂಳೇ ಕಾರಣವೆಂದು ಸಾಹೇಬರು ಹೇಳಿದರು. ಹಿಂದೆ ಈ ಕಾರಿನಲ್ಲಿ ಕುಳಿತಿದ್ದ ಯಾರದೋ ದೃಷ್ಟಿ ತಗುಲಿದೆಯೆಂದು ಕೆಂಚಪ್ಪ ಮುಂಭಾಗಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ನಾನು ಮಾತ್ರ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಲು ನಿರ್ಧರಿಸಿ ಒಂದು ತಃಖ್ತೆಯನ್ನು ತಯಾರಿಸಿದೆ. ನಿಂತ ಊರು, ನಿಂತ ವಾರ, ಆಗ ಕಾರಿನಲ್ಲಿದ್ದವರು, ಆಗಿನ ಹವಾಮಾನ ಎಂದು ನಾಲ್ಕು ಕಲಮುಗಳು. ಕಾರು ಸೋಮವಾರಗಳಂದು ಹೆಚ್ಚಾಗಿ ನಿಲ್ಲುತ್ತದೆಂಬುದು ಅದರಿಂದ ಸ್ಪಷ್ಟವಾಯಿತು. ಸೋಮವಾರಗಳಂದೇ ಅದು ಹೆಚ್ಚಾಗಿ ಹೊರಡುತ್ತದೆ ಎಂಬ ಅಂಶವು ನನಗೆ ಹೊಳೆದದ್ದು ಬಹಳ ಕಾಲದ ಮೇಲೆ. ಪಾವಗಡದ ಕಡೆಯ ಹಳ್ಳಿಯವರಿಗಂತೂ ನಾವು ಚಿರಪರಿಚಿತರಾಗಿಬಿಟ್ಟಿದ್ದೆವು. ಹೊಲದಲ್ಲಿದ್ದವರು ದೂರದಿಂದಲೇ, "ಏಂ ಸಾರೂ, ಬಂಡಿ ಮಳ್ಳಾ ನಿಲಿಚಿಪೋಯಿಂದಾ?" ಎಂದು, ಗಾಡಿ ಮತ್ತೆ ನಿಂತುಹೋಯಿತೇ ಎಂದು ತಮ್ಮ ತೆಲುಗಿನಲ್ಲಿ ಕೂಗುತ್ತಾ, ನಾವು ಕರೆಯುವ ಮೊದಲೇ ತಳ್ಳಲು ಬರುತ್ತಿದ್ದರು. ಒಬ್ಬ ಮುದುಕನಂತೂ ಸಾಬರಿಗೆ, "ನಿಮ್ ಸಾಯೇಬ್ರಿಗೆ ಒಂದು ಜೊತೆ ಎತ್ತು ಕೊಡ್ಸು ಕಣಯ್ಯ, ಈ ಬಂಡೀಗೆ ಕಟ್ಕೊಂಡ್ ಹೋಗ್ಲಿ" ಎಂದ. ಸಾಬರೂ ನಗುತ್ತಿದ್ದರು. ಆದರೆ ದಿನದಿಂದ ದಿನಕ್ಕೆ ಆ ನಗು ಸಣ್ಣದಾಗುತ್ತಿದ್ದುದನ್ನು ನಾನು ತಃಖ್ತೆಯಲ್ಲಿ ನಮೂದಿಸಲಿಲ್ಲ. ಅದಕ್ಕೆ ಕಲಮು ಇರಲಿಲ್ಲ.

ನಂತರ ಪಾವಗಡದಲ್ಲಿ ಮೇಲಧಿಕಾರಿಗಳ ತಪಾಸಣೆಯ ದಿನ ಬಂದಿತು. ಅವರು ಅಲ್ಲಿ ಹೂವಿನ ಹಾರದೊಂದಿಗೆ ಕಾಯುತ್ತಿರಬೇಕಾದ ನಮ್ಮ ಸಾಹೇಬರಿಗಾಗಿ ಮಧ್ಯಾಹ್ನದವರೆಗೆ ತಾವೇ ಕಾದರು. ನಮ್ಮ ಸಾಹೇಬರು ಹಾರದ ಸಮೇತ ರಸ್ತೆಯ ಮಧ್ಯದಲ್ಲಿ ಕಾರಿನೊಳಗೆ ಕುಳಿತಿದ್ದರು. ಕೊನೆಗೆ ಎತ್ತಿನ ಗಾಡಿಯೊಂದರಲ್ಲಿ ಅವರು ತಲುಪುವ ವೇಳೆಗೆ ಹಾರ ಬಾಡಿತ್ತು, ತಪಾಸಣೆ ಮುಗಿದಿತ್ತು. ಮರುದಿನ ನಮ್ಮ ಸಾಹೇಬರಿಂದ ನನಗೆ ಕರೆ ಬಂದಿತು.

"ಏನ್ರೀ ರುದ್ರಪ್ಪ, ಎರಡು ತಿಂಗಳಲ್ಲಿ ನಾಲ್ಕು ಪಾಯಿಂಟು ಹೋಗಿದೆ. ಅವನು ಹೊಸದನ್ನ ಹೈವೇ ಟ್ಯಾಕ್ಸಿಯವರಿಗೆ ಮಾರಿ, ಅವರ ಸುಟ್ಟದ್ದನ್ನ ತಂದು ನಿಮಗೆ ಕೊಡ್ತಾ ಇದಾನೆ ಅಂತ ಹೇಳ್ತಾರೆ. ಅದ್ಯಾವುದೋ ಇನ್ನೊಂದು ಭಾಗಾನೂ ಕೇಳಿದ್ದನಂತೆ. ಅದು ಕೆಟ್ಟಿತ್ತೋ ಇಲ್ಲವೋ? ಇಷ್ಟು ಹೇಳಿ ಸಾಕು."

ನಾನು ಕಡತವನ್ನು ತೆರೆದು ಅವರ ಮುಂದಿಟ್ಟೆ. ಮೂರು ಪುಟಗಳಲ್ಲಿ ಮೂರು ಸಲ, ನನ್ನದೇ ದುಂಡಾದ ಅಕ್ಷರಗಳಲ್ಲಿ, "ನೋಡಲು ಸುಸ್ಥಿತಿಯಲ್ಲಿದೆ." ಸಾಹೇಬರು ಮೂರನ್ನೂ ಓದಿ, "ಒಳ್ಳೇ ಭಾಗವನ್ನ ಕೆಟ್ಟದ್ದು ಅಂತ ಮೂರು ಸಲ ಕೇಳಿದವನು ಇನ್ನೇನು ಮಾಡಿರಲಾರ?" ಎಂದರು. ಆಗ ನಾನು ಬಾಯಿ ಬಿಡಬಹುದಾಗಿತ್ತು. ನೋಡಲು ಸುಸ್ಥಿತಿಯಲ್ಲಿದೆಯೆಂದು ಬರೆದದ್ದು ಕಣ್ಣು, ಆ ಕಣ್ಣಿಗೆ ಕಾರಿನ ವಿಷಯವಾಗಿ ಏನೇನೂ ತಿಳಿಯದು ಎಂದು ಒಂದು ಮಾತು ಹೇಳಬಹುದಾಗಿತ್ತು. ಸಾಹೇಬರು ಅಪರೂಪಕ್ಕೆ ನನ್ನ ಕಡತವನ್ನು ಮೆಚ್ಚಿದ್ದರು. ನಾನು, "ಅಪ್ಪಣೆ" ಎಂದೆ.

ದಸ್ತಗಿರ್ ಸಾಬರ ಸೇವೆಯು ಇನ್ನು ಮುಂದೆ ಅಗತ್ಯವಿಲ್ಲವೆಂಬ ಆಜ್ಞೆಯ ಕರಡನ್ನು ನಾನೇ ಬರೆದೆ. ಕಾಯಂ ಮಾಡುವ ಕಡತದ ಮೇಲೆ "ಮುಕ್ತಾಯ" ಎಂದು ನಾನೇ ಬರೆದೆ. ಸಾಬರು ಬೀಗದ ಕೈಯನ್ನು ಟವಲಿನಿಂದ ಒರೆಸಿ ಮೇಜಿನ ಮೇಲಿಟ್ಟರು. ಅದರ ಪಕ್ಕದಲ್ಲಿ ಆ ಇಲಿಮರಿಯನ್ನೂ ಇಟ್ಟಾರೆಂದು ನಾನು ಹೆದರಿದ್ದೆ. ಅದು ಕಾರಿನೊಳಗೇ ಇತ್ತು, ಸರ್ಕಾರಿ ವಸ್ತುವಲ್ಲವೆ. ಹೊರಡುವಾಗ ಅವರು ಒಂದೇ ಮಾತು ಹೇಳಿದರು: "ರುದ್ರಪ್ನೋರೆ, ಮುಂದ್ ಬರೋನಿಗೆ ಹೇಳಿ, ಬೆಳಗ್ಗೆ ಹೊತ್ತು ಗಾಡೀಗೆ ಸ್ವಲ್ಪ ನೆಗಡಿ ಇರ್ತದೆ. ಬೈಕೊಂಡ್ ಎಬ್ಬಿಸ್ಬಾರ್ದು."

ಮುಂದೆ ಬಂದವನು ಮಧುಗಿರಿಯ ಕಡೆಯ ಒಬ್ಬ ಯುವಕ. ಅವನು ಬಂದ ಹದಿನಾಲ್ಕನೆಯ ದಿನ ಪಾಯಿಂಟು ಸುಟ್ಟಿತು. ಇವನೂ ಟ್ಯಾಕ್ಸಿಯವರ ಪರಿಚಯ ಮಾಡಿಕೊಂಡಿರಬಹುದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡನೆಯ ಸಲ ಕಾರು ನಿಂತಾಗ ನಾನೂ ಅದರೊಳಗಿದ್ದೆ. ಮಧುಗಿರಿಯಿಂದ ಕೊರಟಗೆರೆಗೆ ಹೊರಟಿದ್ದೆವು. ಊರ ಅಂಚಿನಲ್ಲಿಯೇ ನಿಂತುದರಿಂದ ಅಲ್ಲಿದ್ದ ಒಬ್ಬ ಮೆಕ್ಯಾನಿಕ್ಕಿನ ಶೆಡ್ಡಿಗೆ ತಳ್ಳಿಕೊಂಡು ಹೋದೆವು. ಆತ ಮುಚ್ಚಳ ತೆಗೆದು, ಇಂಜಿನ್ನನ್ನು ಒಮ್ಮೆ ತಿರುಗಿಸಲು ಹೇಳಿದ. ಸುಟ್ಟ ತುದಿಗಳ ನಡುವೆ ನೀಲಿ ಬೆಂಕಿ ಚಟಚಟನೆ ಹಾರುತ್ತಿತ್ತು.

"ನೋಡ್ರಿ, ಬೆಂಕಿಯೆಲ್ಲ ಇಲ್ಲೇ ಉರ್ದೋಗ್ತಾ ಐತೆ. ಇಂಜಿನ್ನಿಗೆ ಏನ್ ಮಣ್ಣು ಸಿಕ್ತದೆ? ಕಂಡೆನ್ಸರ್ ಸತ್ತು ತಿಂಗಳುಗಟ್ಲೆ ಆಗೈತೆ. ಇಷ್ಟ್ ದಿನ ಇದನ್ನ ಹಾಕ್ಕೊಂಡ್ ಓಡ್ಸಿದ್ ಬುದ್ವಂತ ಯಾವನ್ಲಾ?" ಎಂದು ಆತ ಹೊಸ ಚಾಲಕನನ್ನು ಕೇಳಿದ. ಚಾಲಕ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಛತ್ರಿಯ ಹಿಡಿಯನ್ನು ನೋಡಿದೆ.

"ಆದರೆ ಅದು ನೋಡಲು ಚೆನ್ನಾಗಿಯೇ ಇದೆಯಲ್ಲ?" ಎಂದೆ, ಬಹಳ ಕ್ಷೀಣವಾಗಿ.

"ನೋಡಾಕೆ ನೀವೂ ಚೆನ್ನಾಗೇ ಇದೀರಿ ಸ್ವಾಮಿ" ಎಂದು ಆತ ನಕ್ಕು, ಮೂಲೆಯಲ್ಲಿ ಬಿದ್ದಿದ್ದ ಯಾವುದೋ ಗುಜರಿ ಕಾರಿನಿಂದ ಇನ್ನೊಂದು ಕಂಡೆನ್ಸರನ್ನು ಬಿಚ್ಚಿದ. ಅದು ತುಕ್ಕು ಹಿಡಿದಿತ್ತು, ಒಂದು ಕಡೆ ಜಜ್ಜಿಹೋಗಿತ್ತು. ನನ್ನ ಮೇಜಿಗೆ ಬಂದಿದ್ದರೆ ಕಣ್ಣು ಮುಚ್ಚಿಕೊಂಡು "ನಿರುಪಯುಕ್ತ" ಎಂದು ಷರಾ ಬರೆಯುತ್ತಿದ್ದೆ. ಅದನ್ನೂ ಒಂದು ಹೊಸ ಪಾಯಿಂಟನ್ನೂ ಹಾಕಿದ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಆ ಪಾಯಿಂಟು ಒಂದೂವರೆ ವರ್ಷ ಬಾಳಿತು.

ಶಿರಾಕ್ಕೆ ಹಿಂತಿರುಗಿದ ಮೇಲೆ ನಾನು ಧೈರ್ಯ ಮಾಡಿ ಸಾಹೇಬರಿಗೆ ವಿಷಯವನ್ನು ನಿವೇದಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಂತರ, "ನಿಯಮದ ಪ್ರಕಾರ ನೀವು ನೋಡಿದಿರಿ, ನೋಡಿದ್ದನ್ನು ಬರೆದಿರಿ. ಹುದ್ದೆ ಭರ್ತಿಯಾಗಿದೆ, ಕಡತ ಮುಕ್ತಾಯವಾಗಿದೆ. ಇನ್ನೇನು ಮಾಡೋಣ?" ಎಂದರು. ತಪ್ಪು ಮಾಡಿದವನಿಗೆ ಶಿಕ್ಷೆಯಾದರೆ ದುಃಖವಾಗುತ್ತದೆಂದು ಕೇಳಿದ್ದೆ. ಸಮಾಧಾನ ಹೇಳಿದರೆ ಅದಕ್ಕಿಂತಲೂ ಹೆಚ್ಚು ದುಃಖವಾಗುತ್ತದೆಂಬುದು ಆ ದಿನ ಅನುಭವಕ್ಕೆ ಬಂದಿತು.

ಸಾಬರಿಗೆ ಬಾಯಲ್ಲಿ ಹೇಳುವ ಶಕ್ತಿ ನನಗಿರಲಿಲ್ಲ. ಎಂಟು ದಿನ ಕುಳಿತು ಒಂದು ಪತ್ರವನ್ನು ಬರೆದೆ. ನಾಲ್ಕು ಕರಡುಗಳಾದವು. ಅದನ್ನು ತೆಗೆದುಕೊಂಡು ಒಂದು ಭಾನುವಾರ ಮಸೀದಿಯ ಹಿಂದಿನ ಬೀದಿಗೆ ಹೋದೆ. ಕಳ್ಳತನದ ಮಾತು ಹಬ್ಬಿದ್ದುದರಿಂದ ಊರಿನಲ್ಲಿ ಯಾರೂ ಅವರ ಕೈಗೆ ಗಾಡಿಯನ್ನು ಕೊಟ್ಟಿರಲಿಲ್ಲ. ಮನೆಯ ಮುಂದೆ ಕುಳಿತು ಒಂದು ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕುತ್ತಿದ್ದರು. ಹೆಗಲ ಮೇಲೆ ಅದೇ ಟವಲು. ನನ್ನನ್ನು ಕಂಡೊಡನೆ ಎದ್ದು ನಿಂತರು. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಬನ್ನಿ ಬನ್ನಿ ರುದ್ರಪ್ನೋರೆ. ಲೇ ಬೀಬಿ, ಚಾ ಮಾಡು, ಆಫೀಸಿನೋರು ಬಂದವ್ರೆ" ಎಂದು ಒಳಗೆ ಕೂಗಿ ಹೇಳಿದರು. ಮೊದಲು ಕೇಳಿದ್ದು, "ಗಾಡಿ ಹೆಂಗೈತೆ?" ಎಂದು.

"ಚೆನ್ನಾಗಿದೆ" ಎಂದೆ. "ನೀವು ಹೇಳಿದ್ದೇ ಸರಿ ಇತ್ತು ಸಾಬರೆ. ಕಂಡೆನ್ಸರ್."

ಅವರು ತಲೆಯಾಡಿಸಿದರು. ಆಶ್ಚರ್ಯವೇನೂ ಇರಲಿಲ್ಲ. ನಾನು ಪತ್ರವನ್ನು ಕೊಟ್ಟೆ. "ನಂಗೆ ಕನ್ನಡ ಓದಾಕೆ ಬರಾಕಿಲ್ಲ, ನೀವೇ ಓದ್ಬುಡಿ" ಎಂದರು. ಇದು ನನಗೆ ತಿಳಿದಿದ್ದ ವಿಷಯವೇ. ಎಂಟು ದಿನಗಳ ಕಾಲ ಪತ್ರವನ್ನು ತಿದ್ದುವುದರಲ್ಲಿ ಮರೆತುಹೋಗಿತ್ತು. ಬೇರೆ ದಾರಿಯಿಲ್ಲದೆ ಓದಿದೆ: "ಶ್ರೀ ದಸ್ತಗಿರ್ ಸಾಬರಿಗೆ ತಿಳಿಯಪಡಿಸುವುದೇನೆಂದರೆ, ಕಾರಿನ ಪಾಯಿಂಟುಗಳು ಪದೇ ಪದೇ ಸುಟ್ಟ ವಿಷಯದಲ್ಲಿ ಸದರಿ ದಸ್ತಗಿರ್ ಸಾಬರ ಯಾವ ಲೋಪವೂ ಇರಲಿಲ್ಲವೆಂಬುದು ಈಗ ಕಂಡುಬಂದಿದೆ. ಉಗ್ರಾಣದ ಪರಿಶೀಲನೆಯಲ್ಲಿ ಆದ ನ್ಯೂನತೆಯ ಬಗ್ಗೆ ವಿಷಾದಿಸಲಾಗಿದೆ..." ನನ್ನ ಧ್ವನಿ ನನಗೇ ಯಾರದೋ ಧ್ವನಿಯಂತೆ ಕೇಳಿಸುತ್ತಿತ್ತು.

ಸಾಬರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ನಮ್ ಹೆಸ್ರು ಎಷ್ಟ್ ಕಿತ ಬಂತು?" ಎಂದು ಕೇಳಿದರು. ಎಣಿಸಿ, ಐದು ಬಾರಿ ಎಂದೆ. ಅವರ ಮುಖ ಅರಳಿತು. "ಕೇಳ್ಸ್ಕೊಂಡ್ಯಾ? ಸರ್ಕಾರದ ಕಾಗದದಾಗೆ ನಮ್ ಹೆಸ್ರು ಐದ್ ಕಿತ ಬಂದೈತೆ" ಎಂದು ಒಳಗಿದ್ದ ಹೆಂಡತಿಗೆ ಹೇಳಿದರು. ಆಮೇಲೆ ಕಾಗದದ ಕೆಳತುದಿಯ ಮೇಲೆ ಬೆರಳಿಟ್ಟು, "ಇಲ್ಲಿ? ಇದು ನಿಮ್ ಹೆಸ್ರಾ?" ಎಂದರು.

ನಾನು ನೋಡಿದೆ. ನಾಲ್ಕು ಕರಡುಗಳನ್ನು ದಾಟಿ, ನನ್ನದೇ ದುಂಡಾದ ಅಕ್ಷರಗಳಲ್ಲಿ ಅದು ಅಲ್ಲಿ ಕುಳಿತಿತ್ತು: "ಅಧಿಕಾರಿಗಳ ಪರವಾಗಿ." ಅದರ ಮೇಲೆ ಒಂದು ವಕ್ರಗೆರೆ, ಯಾರದೆಂದು ಯಾರೂ ಹೇಳಲಾರದ ಗೆರೆ. ಪತ್ರದಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ನಾನಿರಲಿಲ್ಲ.

"ಅಲ್ಲ" ಎಂದೆ. "ಅದು ಕಚೇರಿಯದು."

ಚಹ ಬಂದಿತು. ಇಬ್ಬರೂ ಕುಡಿದು ಮುಗಿಸಿದೆವು. ಸಾಬರು ಪತ್ರವನ್ನು ಮಡಿಸಿದವರು ಮತ್ತೊಮ್ಮೆ ಬಿಚ್ಚಿ, ದೂರ ಹಿಡಿದು ನೋಡಿದರು. "ಇರ್ಲಿ ಬುಡಿ ರುದ್ರಪ್ನೋರೆ" ಎಂದರು. "ಕಾಗದ ನೋಡಾಕೆ ಬಾಳ ಚೆನ್ನಾಗೈತೆ."

ಅವರು ಚುಚ್ಚಿ ಹೇಳಿದರೋ, ನಿಜವಾಗಿ ಮೆಚ್ಚಿ ಹೇಳಿದರೋ ಇಂದಿಗೂ ನನಗೆ ತಿಳಿಯದು. ಕೇಳಿ ತಿಳಿದುಕೊಳ್ಳುವ ಅವಕಾಶವೂ ಈಗ ಇಲ್ಲ. ಹೋದ ವರ್ಷ ರಂಜಾನು ಕಳೆದ ಮೇಲೆ ಅವರು ತೀರಿಕೊಂಡರು. ನಾನು ಹೋಗಿದ್ದೆ. ಗೋಡೆಯ ಮೇಲೆ, ಗಾಜಿನ ಹಿಂದೆ, ಕಟ್ಟು ಹಾಕಿಸಿದ ಆ ಪತ್ರ ತೂಗುತ್ತಿತ್ತು. ಅವರ ಹೆಸರು ಐದು ಬಾರಿ. ಕೆಳಗೆ ಅದೇ ರುಜು. ಬಂದವರೆಲ್ಲ ಅದನ್ನು ಗೌರವದಿಂದ ನೋಡಿ ಹೋಗುತ್ತಿದ್ದರು. ನಾನು ಮಾತ್ರ ಅದಕ್ಕೆ ಬೆನ್ನು ಮಾಡಿ ಕುಳಿತೆ.

ಅಂದು ಮನೆಗೆ ಬಂದವನು ಈ ಬರವಣಿಗೆಯನ್ನು ಪ್ರಾರಂಭಿಸಿದೆ. ಮುಗಿಸಲು ಒಂದು ವರ್ಷ ಹಿಡಿದಿದೆ. ಇದರಲ್ಲಿ ಲಾಲಿತ್ಯವು ಕಡಿಮೆಯಾಗಿದ್ದಲ್ಲಿ, ಹಾಸ್ಯವು ತಕ್ಕಷ್ಟು ಪ್ರಮಾಣದಲ್ಲಿ ಇಲ್ಲದಿದ್ದಲ್ಲಿ ಓದುಗರು ಮನ್ನಿಸಬೇಕೆಂದು ವಿನಂತಿ. ಅಕ್ಷರಗಳು ಅಂದವಾಗಿವೆಯೇ ಎಂದು ಈ ಸಲ ನೋಡಿಕೊಂಡಿಲ್ಲ. ಎಲ್ಲವನ್ನೂ ಬರೆದು, ಮಸಿ ಒಣಗಲೆಂದು ಕಾಯುತ್ತಾ ಕೆಳಗೆ ಕಣ್ಣು ಹಾಯಿಸಿದರೆ, ಕೈ ತಾನಾಗಿಯೇ "ಅಧಿಕಾರಿಗಳ ಪರವಾಗಿ" ಎಂದು ಬರೆದು ಮುಗಿಸಿತ್ತು. ಕೆಂಪು ಮಸಿಯ ಲೇಖನಿಯನ್ನು ಹುಡುಕಿ ತಂದು, ಆ ಸಾಲಿನ ಮೇಲೆ ಗೆರೆ ಎಳೆದಿದ್ದೇನೆ. ನನ್ನ ಜೀವಮಾನದಲ್ಲಿ ನಾನು ಸರಿಯಾಗಿ ಹೊಡೆದುಹಾಕಿದ ಸಾಲು ಇದೊಂದೇ.

ರುದ್ರಪ್ಪ,
ಉಗ್ರಾಣದ ಗುಮಾಸ್ತ, ಶಿರಾ.
ಯಾರ ಪರವಾಗಿಯೂ ಅಲ್ಲ.